ನಿಮಗಿದು ಗೊತ್ತೆ? ಆಮೆಮರಿ ಮನೆಯ ಪ್ರಾಣಿಯಲ್ಲ

ಶಿರೂರ ಅನಂತಪಾಳ, ನಿಲಂಗಾ, ಉದಗೀರ ಕಡೆ ಕೆರೆಯಂಗಳದಲ್ಲಿ ಸಿಕ್ಕ ಆಮೆಮರಿಯನ್ನು ಮನೆಗೆ ತಂದು ಸಾಕುವುದು ಅಪರಾಧ. ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆ, ಬೆನ್ನ ಮೇಲೆ ಹಳದಿ ಗೆರೆಗಳಿರುವ ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲೇ. ಕೆರೆ ಬತ್ತಿತ್ತು, ಸಾಯಬಾರದೆಂದು ತಂದೆವು ಅನ್ನುವವರಿದ್ದಾರೆ. ಆ ಕಳಕಳಿ ನಿಜವಾದದ್ದೇ. ಆದರೆ ನೀರು ಇಂಗಿದಾಗ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯುವುದು ಮೆದುಚಿಪ್ಪಿನ ಆಮೆಗೆ ಹುಟ್ಟಿನಿಂದಲೇ ಗೊತ್ತು. ಗಾಯಗೊಂಡದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಹಾಗಾದರೆ ಅಂಗಡಿಯಲ್ಲಿ ಮಾರುವ ಮರಿ? ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಆ ಪುಟ್ಟ ಹಸಿರು ಆಮೆ ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಅದು ಒಂದು ಅಡಿಯವರೆಗೂ ಬೆಳೆಯಬಲ್ಲದು, 30 ವರ್ಷ ಬಾಳಬಲ್ಲದು. ಬಿಸಿಲು ಕಾಣದ ಗಾಜಿನ ಬಟ್ಟಲಲ್ಲಿಟ್ಟರೆ ಚಿಪ್ಪು ಮೆತ್ತಗಾಗಿ ನರಳುತ್ತದೆ. ನೋಡಲು ಆರೋಗ್ಯವಾಗಿದ್ದರೂ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳಿಗೆ ಅದು ಹರಡಿದ್ದರಿಂದಲೇ ಅಮೆರಿಕ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಈಗಾಗಲೇ ತಂದವರು ಏನು ಮಾಡಬೇಕು? ಅಗಲವಾದ ತೊಟ್ಟಿ, ಹತ್ತಿ ಮೈ ಕಾಯಿಸಿಕೊಳ್ಳಲು ನೀರಿನಿಂದ ಮೇಲೆದ್ದ ಒಂದು ಇಟ್ಟಿಗೆ, ಎಳೆಬಿಸಿಲು, ಪಕ್ಕದಲ್ಲೇ ನೆರಳು ಬೇಕೇ ಬೇಕು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ತೊಟ್ಟಿಯ ನೀರು ಅಡುಗೆಮನೆಯತ್ತ ಸುಳಿಯಬಾರದು. ಸಾಕಾಯಿತೆಂದು ಮಾಂಜ್ರಾ ಹೊಳೆಗೆ ಬಿಡುವುದು ಪುಣ್ಯದ ಕೆಲಸವಲ್ಲ. ಅಲ್ಲಿ ಅದು ನಮ್ಮ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಬಂಡೆಗೂ ಪೈಪೋಟಿಗಿಳಿಯುತ್ತದೆ.