ವಾಲ್ವೋ, ಟ್ರಾನ್ಸಿಸ್ಟರೋ?

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಅಟ್ಟದಿಂದಿಳಿಸಿ ಮತ್ತೆ ನುಡಿಸುವ ಹವ್ಯಾಸ ಈಚೆಗೆ ಅನೇಕ ಮನೆಗಳಲ್ಲಿ ಚಿಗುರಿದೆ. ಅಂಥವರು ಕೇಳುವ ಪ್ರಶ್ನೆಯೊಂದುಂಟು: ಪ್ರೀ ಆಂಪ್ಲಿಫೈಯರು, ಎಂದರೆ ಪೂರ್ವವರ್ಧಕವು, ವಾಲ್ವಿನದಿರಬೇಕೋ ಟ್ರಾನ್ಸಿಸ್ಟರಿನದೋ? ಹಣ ತೆರುವ ಮೊದಲು ಈ ಉಪಕರಣದ ಕೆಲಸವೇನೆಂದು ತಿಳಿಯುವುದು ಲೇಸು.

ತಟ್ಟೆಯ ಗೀರಿನಲ್ಲಿ ಮುಳ್ಳು ಓಲಾಡಿದಂತೆ, ಅದನ್ನು ಹೊತ್ತ ಕಡ್ಡಿಯ ಹಿಂತುದಿಯಲ್ಲಿರುವ ಪುಟ್ಟ ಅಯಸ್ಕಾಂತವು ತಂತಿಸುರುಳಿಗಳ ಬಳಿ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದರ ಬಲ ಸುಮಾರು 5 ಮಿಲಿವೋಲ್ಟು. ಒಂದು ವೋಲ್ಟಿನ ಇನ್ನೂರರಲ್ಲೊಂದು ಪಾಲು. ಇದನ್ನು ಸುಮಾರು ನೂರುಪಟ್ಟು ಹಿಗ್ಗಿಸುವುದು ಪೂರ್ವವರ್ಧಕದ ಮೊದಲ ಕೆಲಸ.

ಎರಡನೆಯದು ಇನ್ನೂ ಸೂಕ್ಷ್ಮ. ಮಂದ್ರನಾದವನ್ನು ಇದ್ದಂತೆಯೇ ಕೊರೆದರೆ ಗೀರು ಅಗಲವಾಗಿ ಬಳುಕಿ ಪಕ್ಕದ ಗೀರಿಗೆ ತಾಗೀತು. ತಾರನಾದವಾದರೋ ಸಣ್ಣದಾಗಿ ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗೀತು. ಆದುದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಇದರ ಪ್ರಮಾಣವನ್ನು ಅಮೆರಿಕದ ಮುದ್ರಿಕೆ ತಯಾರಕರ ಸಂಘ 1954ರಲ್ಲಿ ಗೊತ್ತುಪಡಿಸಿತು. ಅದನ್ನೇ ಆರ್‌ಐಎಎ ಕ್ರಮವೆನ್ನುತ್ತೇವೆ. ನುಡಿಸುವಾಗ ಪೂರ್ವವರ್ಧಕವು ಇದನ್ನು ತಿರುಗುಮುರುಗು ಮಾಡಬೇಕು. ಹಳಗನ್ನಡ ಪದ್ಯದಲ್ಲಿ ಸಂಧಿಗೊಂಡ ಪದಗಳನ್ನು ಓದುವವನು ಸರಿಯಾಗಿ ಬಿಡಿಸದಿದ್ದರೆ ಅರ್ಥ ಕೆಡುವುದಿಲ್ಲವೆ? ಇಲ್ಲಿಯೂ ಹಾಗೆಯೇ, ಪದಚ್ಛೇದ ತಪ್ಪಿದರೆ ರಾಗದ ಮೈಬಣ್ಣವೇ ಕೆಡುತ್ತದೆ.

ಈ ಎರಡು ಕೆಲಸಗಳನ್ನೂ ವಾಲ್ವು ಮಾಡಬಲ್ಲದು, 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರೂ ಮಾಡಬಲ್ಲದು. ವಾಲ್ವಿನ ರೇಡಿಯೊ ಗುಂಡಿ ತಿರುಗಿಸಿದೊಡನೆ ಮಾತಾಡುತ್ತಿರಲಿಲ್ಲವೆಂಬುದು ಹಿರಿಯರಿಗೆ ನೆನಪಿರಬಹುದು. ಒಳಗಿನ ತಂತಿ ಕಾಯಬೇಕಾಗಿತ್ತು. ಇದಕ್ಕೂ ಅದೇ ನಿಯಮ. ವಾಲ್ವು ಸ್ವರಕ್ಕೆ ತನ್ನದಾಗಿ ಸೇರಿಸುವುದು ಬಹುಮಟ್ಟಿಗೆ ಎರಡನೆಯ ಅನುಸ್ವರ, ಎಂದರೆ ಅದೇ ಸ್ವರದ ಮೇಲಿನ ಸ್ಥಾಯಿ. ಷಡ್ಜಕ್ಕೆ ತಾರಷಡ್ಜ ಬೆರೆತಂತೆ ಅದು ಕಿವಿಗೆ ಹಿತ. ಜನ ಹೇಳುವ ‘ಬೆಚ್ಚನೆಯ ನಾದ’ದಲ್ಲಿ ಇದರ ಪಾಲುಂಟು. ಆದರೆ ಅದು ತಟ್ಟೆಯಲ್ಲಿದ್ದುದಲ್ಲ, ವಾಲ್ವು ಕೊಟ್ಟ ಒಗ್ಗರಣೆ. ಜೊತೆಗೆ ವಾಲ್ವು ಸವೆಯುತ್ತದೆ. ತಟ್ಟಿದರೆ ಅದರ ಸದ್ದೂ ಕೇಳಿಬರುತ್ತದೆ. ಮನೆಯ ವಿದ್ಯುತ್ತಿನ 50 ಸೈಕಲ್ಲಿನ ಗುಂಯ್‌ಗುಡುವಿಕೆಯನ್ನು ಅಡಗಿಸಲು ಜಾಣ ಕೈಕೆಲಸ ಬೇಕು.

ಮೊದಮೊದಲ ಟ್ರಾನ್ಸಿಸ್ಟರು ಪೂರ್ವವರ್ಧಕಗಳಲ್ಲಿ ಅನೇಕವು ಜೋರಾದ ನಾದವನ್ನು ತಾಳಲಾರದೆ ಕರ್ಕಶವಾಗಿ ಒಡೆಯುತ್ತಿದ್ದವು. ಟ್ರಾನ್ಸಿಸ್ಟರಿಗೆ ಅಂಟಿದ ಅಪಕೀರ್ತಿಗೆ ಇದೂ ಒಂದು ಕಾರಣ. ಇಂದಿನ ಒಳ್ಳೆಯ ಉಪಕರಣದಲ್ಲಿ ಆ ದೋಷವಿಲ್ಲ. ಅದರ ವಿಕೃತಿ ಮುಳ್ಳು–ತಟ್ಟೆಗಳ ಘರ್ಷಣೆಯಲ್ಲೇ ಹುಟ್ಟುವ ವಿಕೃತಿಗಿಂತ ಎಷ್ಟೋ ಕಡಮೆ. ಅರ್ಧ ಮಿಲಿವೋಲ್ಟೂ ಕೊಡದ ಮೂವಿಂಗ್ ಕಾಯಿಲ್ ಮುಳ್ಳಿಗಂತೂ ಸದ್ದು ಕಡಮೆಯ ಟ್ರಾನ್ಸಿಸ್ಟರೇ ಸುಲಭದ ದಾರಿ.

78 ಸುತ್ತಿನ ಅರಗಿನ ತಟ್ಟೆಗಳುಳ್ಳವರು ಒಂದನ್ನು ನೆನಪಿಡಬೇಕು. ಅವುಗಳಲ್ಲಿ ಬಹುಪಾಲು 1954ಕ್ಕೆ ಹಿಂದಿನವು. ಕಂಪನಿಗೊಂದು ಕ್ರಮದಲ್ಲಿ ಕೊರೆದವು. ಅವಕ್ಕೆ ಕ್ರಮವನ್ನು ಬದಲಿಸಬಲ್ಲ ಪೂರ್ವವರ್ಧಕವೂ ದಪ್ಪ ತುದಿಯ ಬೇರೆ ಮುಳ್ಳೂ ಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಒಗ್ಗರಣೆ ಮೆಚ್ಚುವವರು ವಾಲ್ವನ್ನು ಕೊಳ್ಳಲಿ, ತಪ್ಪೇನಿಲ್ಲ. ಇದ್ದುದನ್ನು ಇದ್ದಂತೆ, ಕಡಮೆ ಖರ್ಚಿನಲ್ಲಿ ಕೇಳಬಯಸುವವರಿಗೆ ಟ್ರಾನ್ಸಿಸ್ಟರು ಸಾಕು. ಉಳಿದ ಹಣದಲ್ಲಿ ಮೊದಲು ಹೊಸ ಮುಳ್ಳು ಹಾಕಿಸಿರಿ. ಪೂರ್ವವರ್ಧಕವನ್ನು ನಾಳೆ ಬದಲಿಸಬಹುದು. ಸವೆದ ಮುಳ್ಳು ಕೆರೆದು ತೆಗೆದ ನಾದವನ್ನು ಯಾವ ಉಪಕರಣವೂ ಮರಳಿ ತರಲಾರದು.