ಏರಿಸಿದ ರಕ್ತ, ಉಳಿದ ಕಬ್ಬಿಣ

ಮಗುವೊಂದು ಬಿಳಿಚಿಕೊಂಡಿತೆಂದರೆ, ಹರಿವೆ ಸೊಪ್ಪು, ಬೆಲ್ಲ, ಖರ್ಜೂರಗಳನ್ನು ಕೊಟ್ಟು, ಮೇಲೆ ಒಂದು ಟಾನಿಕ್ಕನ್ನೂ ಕುಡಿಸಿದರೆ ರಕ್ತ ತಾನಾಗಿ ತುಂಬಿಕೊಳ್ಳುವುದೆಂಬ ನಂಬಿಕೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿಯೂ ಉಂಟು. ಆಹಾರದ ಕೊರತೆಯಿಂದ ಬಂದ ರಕ್ತಹೀನತೆಗೆ ಈ ಉಪಚಾರ ಸಲ್ಲತಕ್ಕದ್ದೇ. ಆದರೆ ಥಲಸ್ಸೇಮಿಯಾ ಮೇಜರ್ ಎಂಬ ಆನುವಂಶಿಕ ವ್ಯಾಧಿಯಲ್ಲಿ ಕೊರತೆ ಕಬ್ಬಿಣದ್ದಲ್ಲ, ಹಿಮೋಗ್ಲೋಬಿನ್ನಿನೊಳಗಿನ ಗ್ಲೋಬಿನ್ ಎಂಬ ಪ್ರೋಟೀನಿನದು. ಅಲ್ಲಿ ಕಬ್ಬಿಣದ ಟಾನಿಕ್ಕು ಅಪಕಾರವನ್ನೇ ಮಾಡುವುದು.

ಇಂಥ ಮಕ್ಕಳಿಗೆ ಎರಡರಿಂದ ಐದು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಪದೇ ಪದೇ ಕೊಡಿಸಿದರೆ ದೇಹಕ್ಕೆ ಅದೇ ಚಟವಾಗುವುದೆಂದು ಹೆದರಿ, ಮಗು ಪೂರ್ತಿ ಸೋಲುವವರೆಗೆ ಕಾಯುವ ಹೆತ್ತವರುಂಟು. ಹಿಮೋಗ್ಲೋಬಿನ್ 9 ಗ್ರಾಂಗಿಂತ ಕೆಳಗಿಳಿಯಗೊಡದೆ ಕೊಡಿಸುವುದೇ ಸರಿಯಾದ ಕ್ರಮ. ಇಲ್ಲವಾದರೆ ವ್ಯರ್ಥವಾಗಿ ದುಡಿಯುವ ಅಸ್ಥಿಮಜ್ಜೆ ಹಿಗ್ಗಿ ಮುಖದ ಮೂಳೆಗಳು ವಿಕಾರವಾಗುವುವು, ಗುಲ್ಮ ಊದಿಕೊಳ್ಳುವುದು, ಬೆಳವಣಿಗೆ ಕುಂಠಿತವಾಗುವುದು.

ರಕ್ತ ಏರಿಸಿದ ಮರುದಿನ ಮಗು ಅಂಗಳದಲ್ಲಿ ಓಡಾಡತೊಡಗಿದುದನ್ನು ಕಂಡು ಚಿಕಿತ್ಸೆ ಅಲ್ಲಿಗೆ ಮುಗಿಯಿತೆಂದು ಭಾವಿಸುವುದೇ ಈ ಎಲ್ಲ ತಪ್ಪು ಕಲ್ಪನೆಗಳಲ್ಲಿ ಅತ್ಯಂತ ಅಪಾಯಕರವಾದುದೆಂದು ನನ್ನ ಎಣಿಕೆ. ಒಂದು ಚೀಲ ರಕ್ತಕಣಗಳಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹವೋ, ದಿನಕ್ಕೆ ಒಂದು ಮಿಲಿಗ್ರಾಂನಷ್ಟನ್ನು ಕಳೆದುಕೊಳ್ಳಬಲ್ಲುದೇ ಹೊರತು, ಹೆಚ್ಚಾದುದನ್ನು ಹೊರದೂಡುವ ಮಾರ್ಗವನ್ನೇ ಅರಿಯದು. ವರುಷಗಳ ಕಾಲ ಹೀಗೆ ಸಂಚಿತವಾದ ಲೋಹವು ಯಕೃತ್ತು, ಹೃದಯ, ನಿರ್ನಾಳ ಗ್ರಂಥಿಗಳಲ್ಲಿ ಸೇರಿಕೊಂಡು, ಹೊರಗೆ ಯಾವ ನೋವನ್ನೂ ತೋರಗೊಡದೆ, ಹರೆಯ ತಡವಾಗುವುದಕ್ಕೂ ಮಧುಮೇಹಕ್ಕೂ ಕಡೆಗೆ ಹೃದಯದ ವೈಫಲ್ಯಕ್ಕೂ ಕಾರಣವಾಗುತ್ತದೆ. ಆದುದರಿಂದಲೇ ಹತ್ತಿಪ್ಪತ್ತು ಬಾರಿ ರಕ್ತ ಪಡೆದ ಬಳಿಕ, ಇಲ್ಲವೆ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ರಕ್ತದಲ್ಲಿ ಮಿಲಿಲೀಟರಿಗೆ 1000 ನ್ಯಾನೋಗ್ರಾಂ ದಾಟಿದಾಗ, ಕಬ್ಬಿಣವನ್ನು ಹಿಡಿದು ಹೊರಸಾಗಿಸುವ ಔಷಧವನ್ನು ಆರಂಭಿಸುವ ರೂಢಿ. ಹಿಂದೆ ಡೆಸ್ಫೆರಾಲನ್ನು ಪುಟ್ಟ ಪಂಪಿನಿಂದ ರಾತ್ರಿಯೆಲ್ಲ ಚರ್ಮದಡಿಗೆ ಹರಿಸಬೇಕಾಗಿತ್ತು. ಈಗ ಅನೇಕರಿಗೆ ದಿನಕ್ಕೊಮ್ಮೆ ಡೆಫೆರಾಸಿರಾಕ್ಸ್ ಮಾತ್ರೆ ಸಾಕು. ಮೂತ್ರಪಿಂಡ, ಯಕೃತ್ತುಗಳ ಪರೀಕ್ಷೆಯನ್ನಂತೂ ಆಗಾಗ ಮಾಡಿಸುತ್ತಿರಲೇಬೇಕು.

ಸ್ವಂತ ನೆಂಟರ ರಕ್ತವೇ ಶ್ರೇಷ್ಠವೆಂದು ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುವ ಚಿಕ್ಕಪ್ಪನನ್ನು ರಾತ್ರಿ ಬಸ್ಸಿಗೆ ಕರೆಸುವವರ ವಾತ್ಸಲ್ಯ ದೊಡ್ಡದು, ನಿರ್ಣಯ ತಪ್ಪು. ಹತ್ತಿರದ ಬಂಧುವಿನ ರಕ್ತದಲ್ಲಿರುವ ಬಿಳಿಕಣಗಳು, ಅಪರೂಪವಾಗಿಯಾದರೂ, ರೋಗಿಯ ದೇಹದ ಮೇಲೆ ತಿರುಗಿಬೀಳಬಲ್ಲುವು. ಮುಂದೆ ಅಸ್ಥಿಮಜ್ಜೆಯ ಕಸಿ ಮಾಡಿಸುವುದಾದರೆ ಅದಕ್ಕೂ ತೊಡಕಾದೀತು. ಕುಂದಾಪುರದ ರೆಡ್ ಕ್ರಾಸ್ ರಕ್ತನಿಧಿಯಲ್ಲಿಯೋ ಮಣಿಪಾಲದಲ್ಲಿಯೋ ಅಪರಿಚಿತ ದಾನಿಯೊಬ್ಬನು ಸ್ವಇಚ್ಛೆಯಿಂದ ಕೊಟ್ಟ, ಪರೀಕ್ಷೆಗೊಂಡ, ಗುಂಪು ಹೊಂದಿದ ರಕ್ತವೇ ಲೇಸು.

ಇನ್ನು ಬಳಿಯ, ಅಂದರೆ ತಾಯಿಯ ಕಡೆಯ ಕುಲದ, ಮಾತು. ಮದುವೆಯ ಸಂಬಂಧ ಬೆಳೆಸುವ ಎರಡು ಮನೆಗಳ ಬಳಿ ಬೇರೆಯಾಗಿದ್ದರೆ ವಂಶದ ರೋಗ ಬಾರದೆಂಬುದು ಅಳಿಯಸಂತಾನದ ಮನೆಗಳಲ್ಲಿ ಸಹಜವಾಗಿ ಹುಟ್ಟಬಹುದಾದ ಭರವಸೆ. ಆದರೆ ಬಳಿ ಬರುವುದು ತಾಯಿಯಿಂದ ಮಾತ್ರ. ವ್ಯಾಧಿಯ ವಂಶವಾಹಿ ತಂದೆಯಿಂದಲೂ ಬಂದೀತು. ಸೋದರಮಾವನ ಮಗಳು ಬೇರೆ ಬಳಿಯವಳಾದರೂ ಅವಳಿಗೂ ವರನಿಗೂ ಅಜ್ಜ ಅಜ್ಜಿಯರು ಒಬ್ಬರೇ. ಗಂಡಹೆಂಡಿರಿಬ್ಬರೂ ಆ ವಂಶವಾಹಿಯ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯ. ಮೊದಲ ಮಗುವಿಗೆ ಬಂದುದರಿಂದ ಮುಂದಿನ ಮೂವರೂ ಪಾರಾದರೆಂಬ ಲೆಕ್ಕ ನಿಲ್ಲದು. ವಾಹಕರು ಆರೋಗ್ಯವಂತರೇ ಆದುದರಿಂದ ಎಚ್‌ಪಿಎಲ್‌ಸಿ ಎಂಬಂಥ ರಕ್ತಪರೀಕ್ಷೆಯ ಹೊರತು ವಾಹಕರೆಂಬುದು ಗೊತ್ತಾಗದು. ಮದುವೆಗೆ ಮುನ್ನ ಅದನ್ನು ಮಾಡಿಸದವರು ಬಸಿರಿನ ಮೊದಲ ತಿಂಗಳುಗಳಲ್ಲಾದರೂ ಮಾಡಿಸಬಹುದು. ಹೆಂಡತಿ ವಾಹಕಳೆಂದು ತಿಳಿದರೆ ಗಂಡನ ರಕ್ತವನ್ನೂ ಅದೇ ವಾರದಲ್ಲಿ ಕಳುಹಿಸತಕ್ಕದ್ದು, ಏಕೆಂದರೆ ಇಬ್ಬರೂ ವಾಹಕರೆಂದಾದಲ್ಲಿ ಭ್ರೂಣದ ಪರೀಕ್ಷೆಗೆ ಹನ್ನೊಂದನೆಯ ವಾರದ ಸುಮಾರಿಗೆ ಸಿದ್ಧರಾಗಿರಬೇಕಾಗುತ್ತದೆ.