ಸಭೆಗೆ ಒಪ್ಪುವ ನಾದ

ವಾದ್ಯವನ್ನು ಶ್ರುತಿಗೂಡಿಸಿಕೊಂಡ ಮೇಲೆ ನುಡಿಸುವುದೊಂದೇ ಉಳಿದ ಕೆಲಸವೆಂಬುದು ನಮ್ಮ ಸಾಮಾನ್ಯ ಭಾವನೆ. ವೀಣೆ ಕೊಳಲುಗಳ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ವಿದ್ಯುತ್ತಿನ ನೆರವಿನಿಂದಲೇ ಧ್ವನಿ ಪಡೆಯುವ ವಾದ್ಯಗಳಿಗೆ ಎರಡನೆಯ ಶ್ರುತಿಯೊಂದುಂಟು. ಅದು ತಂತಿಗೆ ಸಂಬಂಧಿಸಿದುದಲ್ಲ. ಧ್ವನಿವರ್ಧಕಕ್ಕೆ, ಸಭಾಂಗಣಕ್ಕೆ, ಒಡನೆ ನುಡಿಸುವವರಿಗೆ ಸಂಬಂಧಿಸಿದುದು. ಆ ಶ್ರುತಿಯ ಕಷ್ಟ ಎಂತಹುದೆಂಬುದನ್ನು ಅಮೆರಿಕದ ಸ್ಟೀಲ್ ಗಿಟಾರ್ ವಾದಕರು ಚೆನ್ನಾಗಿ ಬಲ್ಲರು.

ಗೋಟುವಾದ್ಯವನ್ನು ಕೇಳಿದವರಿಗೆ ಸ್ಟೀಲ್ ಗಿಟಾರಿನ ಸ್ವಭಾವ ತೀರ ಅಪರಿಚಿತವಾಗಲಾರದು. ಬೆರಳಿನಿಂದ ತಂತಿಯನ್ನು ಒತ್ತುವ ಬದಲು ಉಕ್ಕಿನ ತುಂಡೊಂದನ್ನು ಅದರ ಮೇಲೆ ಜಾರಿಸುತ್ತ, ಸ್ವರದಿಂದ ಸ್ವರಕ್ಕೆ ಎಳೆ ಹರಿಯದಂತೆ ಸಾಗುವುದು ಇದರ ರೀತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಈ ಪದ್ಧತಿ ಬೆಳೆಯಿತು. ಅದರ ಕೀರ್ತಿ ಸಾಮಾನ್ಯವಾಗಿ ಜೋಸೆಫ್ ಕೆಕುಕು ಎಂಬ ವಾದಕರಿಗೆ ಸಲ್ಲುತ್ತದೆ. ಆದರೆ ಮರದ ಒಡಲಿನ ಆ ಮೆಲುದನಿ ನೃತ್ಯಶಾಲೆಗಳಲ್ಲಿ ತುತ್ತೂರಿ ಡ್ರಮ್ಮುಗಳ ನಡುವೆ ಮುಳುಗಿಹೋಗುತ್ತಿತ್ತು. ಈ ಕೊರತೆಯನ್ನು ನೀಗಲೆಂದು ಜಾರ್ಜ್ ಬೀಚಮ್ ಎಂಬವರು 1931ರಲ್ಲಿ, ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತದಿಂದ ಹಿಡಿದು ವಿದ್ಯುತ್ತಾಗಿಸುವ ಗಿಟಾರನ್ನು ರೂಪಿಸಿದರು. ಬಾಣಲೆಯ ಆಕಾರದಿಂದಾಗಿ ‘ಫ್ರೈಯಿಂಗ್ ಪ್ಯಾನ್’ ಎಂದು ಹೆಸರಾದ ಅದು ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರೇ ಆಗಿತ್ತು.

ಕಾಲಿನಿಂದ ತುಳಿದು ತಂತಿಯ ಬಿಗಿತವನ್ನು ಬದಲಿಸುವ ಪೆಡಲುಗಳು 1950ರ ದಶಕದಲ್ಲಿ ಜನಪ್ರಿಯವಾದ ಮೇಲೆ ನ್ಯಾಶ್‌ವಿಲ್ ನಗರದ ಗೀತಗಳಿಗೆ ಈ ವಾದ್ಯ ಬಿಡಲಾಗದ ಅಂಗವಾಯಿತು. ಅಲ್ಲಿ ಅದರದು ಹೆಚ್ಚಾಗಿ ಒಡನಾಡಿಯ ಪಾತ್ರ. ಗಾಯಕ ಸಾಲೊಂದನ್ನು ಮುಗಿಸಿ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಆ ಭಾವಕ್ಕೆ ಮರುದನಿ ಕೊಡುವುದು ಅದರ ಕೆಲಸ. ಕೇಳಿಸದಿದ್ದರೆ ಅದು ಇದ್ದೂ ಇಲ್ಲದಂತೆ; ಅತಿಯಾಗಿ ಕೇಳಿಸಿದರೆ ಗಾಯಕನ ಮಾತೇ ಮರೆಯಾದೀತು. ಬಯಸಿ ಪಡೆದ ಬಲವನ್ನು ಹತೋಟಿಯಲ್ಲಿಡುವುದೇ ಅಲ್ಲಿಂದ ಮುಂದಿನ ಸಮಸ್ಯೆ.

ಮನೆಯಲ್ಲಿ ಒಬ್ಬನೇ ಕುಳಿತು ಧ್ವನಿವರ್ಧಕದ ಗುಂಡಿಗಳನ್ನು ತಿರುಗಿಸಿ ಮನಸ್ಸಿಗೊಪ್ಪುವ ನಾದವನ್ನು ಕಂಡುಕೊಂಡವನು ಅದನ್ನೇ ವೇದಿಕೆಗೆ ಒಯ್ದರೆ ಏನಾಗುತ್ತದೆ? ಮಂದ್ರ ಗುಡುಗುಟ್ಟುತ್ತದೆ, ತಾರ ಕಿವಿಯನ್ನು ಇರಿಯುತ್ತದೆ. ಇದು ಯಂತ್ರದ ದೋಷವಲ್ಲ, ಕಿವಿಯ ಧರ್ಮ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಮೆಲುದನಿಯಲ್ಲಿ ನಮ್ಮ ಕಿವಿಗೆ ಮಂದ್ರವೂ ಅತಿ ತಾರವೂ ಮಂಕಾಗಿ ಕೇಳುತ್ತವೆ. ಧ್ವನಿ ಏರಿದಂತೆ ಆ ಅಂತರ ತಗ್ಗುತ್ತದೆ. ಆದುದರಿಂದ ಸಣ್ಣ ಕೋಣೆಯಲ್ಲಿ ಎರಡು ತುದಿಗಳನ್ನೂ ಎತ್ತಿಕೊಂಡವನು ಸಭೆಯಲ್ಲಿ ಅವನ್ನು ಇಳಿಸಲೇಬೇಕು. ಅದೂ ಅಲ್ಲದೆ, ಮನೆಯಲ್ಲಿ ತುಂಬಿದ ಸೊಗಸಾಗಿ ತೋರಿದ ಮಂದ್ರದ ಜಾಗದಲ್ಲಿ ವೇದಿಕೆಯ ಮೇಲೆ ಬಾಸ್ ಗಿಟಾರೂ ಡ್ರಮ್ಮೂ ಮೊದಲೇ ನೆಲೆಸಿರುತ್ತವೆ.

ಇನ್ನು ಶಕ್ತಿಯ ವಿಚಾರ. ಸ್ಟೀಲ್ ಗಿಟಾರಿನವರ ಬಲಗಾಲು ಸದಾ ಧ್ವನಿಯ ಏರಿಳಿತದ ಪೆಡಲಿನ ಮೇಲಿರುತ್ತದೆ. ತಂತಿಯನ್ನು ಮೀಟುವಾಗ ಪೆಡಲು ಅರ್ಧದಲ್ಲಿರುವುದು. ಸ್ವರ ಕುಗ್ಗುತ್ತ ಹೋದಂತೆ ಅದನ್ನು ಮೆಲ್ಲನೆ ಒತ್ತಿ, ಆರುವ ದೀಪಕ್ಕೆ ಎಣ್ಣೆ ಹೊಯ್ದಂತೆ ನಾದವನ್ನು ಉಳಿಸಿಕೊಳ್ಳುವುದು. ಇದಕ್ಕೆ ಧ್ವನಿವರ್ಧಕದಲ್ಲಿ ಮೀಸಲು ಶಕ್ತಿ ಬೇಕು. ಇಲ್ಲವಾದರೆ ಕೂಡಿ ಮೀಟಿದ ಸ್ವರಗಳು ಒಡೆದು ಕಲಸಿಹೋಗುತ್ತವೆ. 1963ರಲ್ಲಿ ಬಂದ ಫೆಂಡರ್ ಟ್ವಿನ್ ರಿವರ್ಬ್ 85 ವಾಟಿನದು. ಮುಂದೆ ಈ ವಾದ್ಯಕ್ಕೆಂದೇ ಪೀವಿ ಸಂಸ್ಥೆ ತಂದ ನ್ಯಾಶ್‌ವಿಲ್ 400 ಯಂತ್ರದ ಶಕ್ತಿ 200 ವಾಟಿಗೂ ಮಿಕ್ಕುದು. ಧ್ವನಿ ಎರಡರಷ್ಟಾಗಿ ಕೇಳಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಆದುದರಿಂದ ಈ ಹೆಚ್ಚಿನ ಶಕ್ತಿ ಅಬ್ಬರಿಸುವುದಕ್ಕಲ್ಲ, ನಾದ ಒಡೆಯದಂತೆ ಕಾಯುವುದಕ್ಕೆ.

ಹೊಸ ವಾದಕರು ಹಿರಿಯರನ್ನು, ‘ಗುಂಡಿಗಳನ್ನು ಯಾವ ಅಂಕೆಗೆ ಇಡುತ್ತೀರಿ?’ ಎಂದು ಕೇಳುವುದುಂಟು. ಅಂಕೆಯನ್ನು ಎರವಲು ತರಬಹುದು. ಅದರ ಅರ್ಥವನ್ನು ತರಲಾಗದು. ಫೆಂಡರ್ ಯಂತ್ರದಲ್ಲಿ ಎಲ್ಲ ಗುಂಡಿಗಳನ್ನೂ 5ಕ್ಕೆ ಇಟ್ಟರೂ ಮಧ್ಯಸ್ವರಗಳ ಭಾಗದಲ್ಲಿ ಒಂದು ತಗ್ಗು ಉಳಿದೇ ಇರುತ್ತದೆ. ಅದರ ವಿದ್ಯುನ್ಮಂಡಲದ ರಚನೆಯೇ ಹಾಗೆ. ನ್ಯಾಶ್‌ವಿಲ್ 400ರಲ್ಲಿಯಾದರೋ ಮಧ್ಯದ ಗುಂಡಿ ಏರಿಸಲೂಬಲ್ಲದು, ಇಳಿಸಲೂಬಲ್ಲದು. ಎಲ್ಲಿ ಎಂಬುದನ್ನು ಇನ್ನೊಂದು ಗುಂಡಿ ನಿರ್ಧರಿಸುತ್ತದೆ. ಅನೇಕ ವಾದಕರು ಅದನ್ನು ಸೆಕೆಂಡಿಗೆ 800 ಕಂಪನಗಳ ಸುಮಾರಿಗೆ ತಂದು ಇಳಿಸಿಬಿಡುತ್ತಾರೆ. ಒಂದರಲ್ಲಿ ತಾನಾಗಿಯೇ ಇರುವ ತಗ್ಗನ್ನು ಇನ್ನೊಂದರಲ್ಲಿ ಕೈಯಾರೆ ತೋಡಬೇಕು. ಹೀಗಿರುವಾಗ ಅಂಕೆಗಳ ಹೋಲಿಕೆಯಿಂದ ಏನು ಪ್ರಯೋಜನ?

ಸಭಾಂಗಣವೂ ಸುಮ್ಮನಿರುವುದಿಲ್ಲ. ಜನ ಬರುವ ಮುನ್ನ ಖಾಲಿ ಗೋಡೆಗಳ ನಡುವೆ ಹರಿತವಾಗಿ ಕೇಳಿದ ನಾದ, ಜನ ತುಂಬಿದ ಮೇಲೆ ಮಂಕಾಗುತ್ತದೆ. ಮೈಯೂ ಬಟ್ಟೆಯೂ ತಾರಸ್ವರವನ್ನು ಹೀರಿಕೊಳ್ಳುತ್ತವೆ. ಯಂತ್ರವನ್ನು ಮೂಲೆಗೆ ತಳ್ಳಿದರೆ ಮಂದ್ರ ಉಬ್ಬುತ್ತದೆ. ಕುರ್ಚಿಯ ಮೇಲೆ ಎತ್ತಿಟ್ಟರೆ ತಿಳಿಯಾಗುತ್ತದೆ. ಗುಂಡಿ ಮುಟ್ಟದೆಯೇ ಆಗುವ ತಿದ್ದುಪಡಿ ಇದು. ಇನ್ನೊಂದು ತೊಡಕೆಂದರೆ, 15 ಅಂಗುಲದ ಸ್ಪೀಕರಿನಿಂದ ತಾರಸ್ವರ ಕಂದೀಲಿನ ಕಿರಣದಂತೆ ನೇರ ಮುಂದಕ್ಕೆ ಹೊರಡುತ್ತದೆ. ಬದಿಗೆ ಕುಳಿತ ವಾದಕನಿಗೆ ಅದು ಮೆತ್ತಗೆ ಕೇಳುತ್ತದೆ. ನೇರ ಎದುರಿನ ಸಾಲಿನವನು ಕಿವಿ ಮುಚ್ಚಿಕೊಳ್ಳುತ್ತಾನೆ.

ಆದುದರಿಂದ ಅನುಭವಿಗಳ ಕ್ರಮ ಸರಳವಾದುದು. ಎಲ್ಲ ಗುಂಡಿಗಳನ್ನೂ ನಡುವಿನಲ್ಲಿಟ್ಟು ಆರಂಭಿಸುವುದು; ಒಂಟಿಯಾಗಿ ಅಲ್ಲ, ಮೇಳದೊಡನೆ ನುಡಿಸುತ್ತ ಧ್ವನಿಯ ಮಟ್ಟವನ್ನು ಮೊದಲು ಗೊತ್ತುಪಡಿಸುವುದು. ಬಳಿಕ ಕೊರತೆಯನ್ನು ತುಂಬುವುದಕ್ಕಿಂತ ಮೊದಲು ಹೆಚ್ಚಾದುದನ್ನು ಕಳೆಯುವುದು. ತಾರದ ಪರೀಕ್ಷೆ ಮೇಲಿನ ಸ್ವರಸ್ಥಾನಗಳಲ್ಲಿ, ಮಂದ್ರದ ಪರೀಕ್ಷೆ ದಪ್ಪ ತಂತಿಗಳಲ್ಲಿ. ಅಂಗಣವೇ ಮಾರ್ದನಿಸುವಂತಿದ್ದರೆ ಯಂತ್ರದ ಮಾರ್ದನಿಯನ್ನು ತಗ್ಗಿಸುವುದು. ಕೊನೆಗೆ, ನಂಬಿಕೆಯ ಗೆಳೆಯನೊಬ್ಬನನ್ನು ಸಭೆಯ ನಡುವೆ ನಿಲ್ಲಿಸಿ ಅವನ ಮಾತಿಗೆ ತಲೆಬಾಗುವುದು.

ಈ ಕೊನೆಯದೇ ಎಲ್ಲಕ್ಕಿಂತ ಕಠಿನ. ಹೀಗೆ ಕಳೆದು ಕಳೆದು ಉಳಿದ ನಾದವನ್ನು ಒಂಟಿಯಾಗಿ ಕೇಳಿದರೆ ತುಸು ಬಡಕಲಾಗಿಯೇ ತೋರುತ್ತದೆ. ತನ್ನ ಕಿವಿಗೆ ಅಪೂರ್ಣವೆನಿಸಿದ ನಾದವನ್ನು ಮೇಳದ ಪೂರ್ಣತೆಗಾಗಿ ಒಪ್ಪಿಕೊಳ್ಳಲು ಕಲಾವಿದನಿಗೆ ಒಂದು ಬಗೆಯ ವಿನಯ ಬೇಕು. ಆ ವಿನಯವನ್ನು ಯಾವ ಯಂತ್ರಶಾಲೆಯೂ ತಯಾರಿಸಿ ಕೊಡಲಾರದು. ಗಾಯಕ ಸಾಲು ಮುಗಿಸಿದಾಗ, ಅವನ ಕೊನೆಯ ಮಾತು ಇನ್ನೂ ಕಿವಿಯಲ್ಲಿರುವಂತೆಯೇ ಅದರ ಹಿಂದೆ ಉಕ್ಕಿನ ಎಳೆಯೊಂದು ಎದ್ದುಬಂದರೆ, ಗುಂಡಿಗಳೆಲ್ಲ ತಮ್ಮ ಜಾಗದಲ್ಲಿವೆಯೆಂದು ತಿಳಿಯಬೇಕು.